ಲೆಕ್ಕ ಎಲ್ಲಿ ಬೇಕೋ ಅಲ್ಲಿ ಮಾತ್ರ: ಸಾವಿರಾರು ಪರೀಕ್ಷೆಗಳ ಮರುಮಾದರಿ ಹೊರೆ ಇಳಿಸುವುದು ಹೇಗೆ

20,000 ಜೀನ್‌ಗಳ ಮಟ್ಟವನ್ನು 24 ಮಂದಿಯಲ್ಲಿ ಅಳೆದಿದ್ದೀರಿ ಅಂದುಕೊಳ್ಳಿ. 12 ಮಂದಿಗೆ ಕಾಯಿಲೆ ಇದೆ, 12 ಮಂದಿಗೆ ಇಲ್ಲ. ಯಾವ ಜೀನ್‌ಗಳ ಮಟ್ಟ ಎರಡು ಗುಂಪುಗಳಲ್ಲಿ ನಿಜವಾಗಿಯೂ ಬೇರೆ? ದತ್ತಾಂಶ ಅಚ್ಚುಕಟ್ಟಾದ ಗಂಟೆಯಾಕಾರದ ವಿತರಣೆಯಿಂದ ಬಂದಿದೆ ಎಂದು ನಂಬಲು ಮನಸ್ಸಿಲ್ಲದವರು ಮರುಮಾದರಿಯ ದಾರಿ ಹಿಡಿಯುತ್ತಾರೆ. ‘ಕಾಯಿಲೆ ಇದೆ’, ‘ಇಲ್ಲ’ ಎಂಬ ಲೇಬಲ್‌ಗಳನ್ನು ಯಾದೃಚ್ಛಿಕವಾಗಿ ಅದಲುಬದಲು ಮಾಡಿ ಪರೀಕ್ಷಾಂಕವನ್ನು (ಗುಂಪುಗಳ ನಡುವಿನ ವ್ಯತ್ಯಾಸವನ್ನು ಅಳೆಯುವ ಸಂಖ್ಯೆಯನ್ನು) ಮತ್ತೆ ಲೆಕ್ಕ ಹಾಕುತ್ತಾರೆ. ಹೀಗೆ ಬಂದ ಅಂಕ ನಿಜವಾದ ಲೇಬಲ್‌ಗಳು ಕೊಟ್ಟ ಅಂಕದಷ್ಟೋ ಅದಕ್ಕಿಂತ ಹೆಚ್ಚೋ ಆದದ್ದು ಎಷ್ಟು ಸಲ ಎಂದು ಎಣಿಸುತ್ತಾರೆ. ಒಟ್ಟು ಸಲಗಳಲ್ಲಿ ಅದರ ಪಾಲೇ ಪಿ-ಮೌಲ್ಯ; ಅದು ಸಣ್ಣದಾದಷ್ಟೂ ವ್ಯತ್ಯಾಸ ಬರೀ ಆಕಸ್ಮಿಕ ಎನ್ನುವುದು ಕಷ್ಟ. ಒಂದು ಜೀನ್‌ಗಾದರೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ.

20,000 ಜೀನ್‌ಗಳಿಗೆ ಹಾಗಲ್ಲ. ಒಂದಾದರೂ ಸುಳ್ಳು ಪತ್ತೆಯಾಗುವ ಸಂಭವವನ್ನು 0.05ರೊಳಗೆ ಇಡಬೇಕೆಂದು ಬಾನ್ಫೆರೋನಿ ತಿದ್ದುಪಡಿ ಬಳಸಿದರೆ, ಪ್ರತಿ ಜೀನ್‌ನ ಪಿ-ಮೌಲ್ಯ 0.05ನ್ನು 20,000ದಿಂದ ಭಾಗಿಸಿದಷ್ಟು, ಅಂದರೆ 0.0000025ಕ್ಕಿಂತ ಹೆಚ್ಚಿರಬಾರದು. 4 ಲಕ್ಷ ಅದಲುಬದಲುಗಳಿಲ್ಲದೆ ಅಷ್ಟು ಸಣ್ಣ ಸಂಖ್ಯೆ ಹುಟ್ಟುವುದೇ ಇಲ್ಲ. 20,000 ಜೀನ್, ತಲಾ 4 ಲಕ್ಷ: ಒಟ್ಟು 800 ಕೋಟಿ ಪರೀಕ್ಷಾಂಕಗಳು.

ಈ 800 ಕೋಟಿಯಲ್ಲಿ ಬಹುಪಾಲು ಯಾರಿಗೂ ಬೇಡದ ಉತ್ತರಕ್ಕೆ ಖರ್ಚಾಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಒಂದು ಜೀನ್‌ನ ಪಿ-ಮೌಲ್ಯ 0.6ರ ಆಸುಪಾಸಿನಲ್ಲಿದೆ ಎಂದು 50 ಅದಲುಬದಲುಗಳಲ್ಲೇ ಗೊತ್ತಾಗುತ್ತದೆ. ಅದು 0.6 ಅಲ್ಲ, 0.6013 ಎಂದು ತಿಳಿಯಲು ಉಳಿದ 3,99,950 ಸಲ ಯಂತ್ರವನ್ನು ದುಡಿಸಿದರೆ ಯಾವ ತೀರ್ಮಾನವೂ ಬದಲಾಗುವುದಿಲ್ಲ. ತೀರ್ಮಾನ ಇನ್ನೂ ಅನುಮಾನದಲ್ಲಿರುವ ಕಡೆಗೆ ಮಾತ್ರ ಲೆಕ್ಕವನ್ನು ಹರಿಸಬೇಕು. ಆದರೆ ಹಾಗೆ ಹರಿಸುವಾಗ ಪಿ-ಮೌಲ್ಯದ ಮೇಲಿನ ಭರವಸೆ ಕೆಡಬಾರದು. ಕಷ್ಟ ಇರುವುದು ಈ ಎರಡನೆಯ ಮಾತಿನಲ್ಲಿ.

ಸೊನ್ನೆ ಎಂಬ ಪಿ-ಮೌಲ್ಯ ಇಲ್ಲ

ಮೊದಲು ಸೂತ್ರ ಸರಿಯಾಗಿರಲಿ. ‘ಬಿ’ ಸಲ ಅದಲುಬದಲು ಮಾಡಿದಾಗ ಮೂಲ ಅಂಕವನ್ನು ಮುಟ್ಟಿದ ಅಥವಾ ಮೀರಿದ ಸಲಗಳು ‘ಜಿ’ ಆದರೆ, ಪಿ-ಮೌಲ್ಯ ಎಂದರೆ (ಜಿ + 1) ÷ (ಬಿ + 1). ಎರಡೂ ಕಡೆ ಸೇರಿಸಿದ 1 ನಿಜವಾದ ಲೇಬಲ್‌ಗಳ ಪಾಲು. ಶೂನ್ಯ ಪ್ರಾಕ್ಕಲ್ಪನೆ, ಅಂದರೆ ಗುಂಪುಗಳಲ್ಲಿ ವ್ಯತ್ಯಾಸವೇ ಇಲ್ಲ ಎಂಬ ಊಹೆ, ನಿಜವಾದರೆ ಅದೂ ಉಳಿದವುಗಳಂತೆ ಒಂದು ಅದಲುಬದಲೇ ತಾನೆ. ಬರೀ ‘ಜಿ ÷ ಬಿ’ ಬರೆಯುವುದು ಇಂದಿಗೂ ಕಾಣಿಸುವ ತಪ್ಪು. ಫಿಪ್ಸನ್ ಮತ್ತು ಸ್ಮಿತ್ 2010ರಲ್ಲಿ ಇದರ ಮೇಲೆಯೇ ಒಂದು ಪ್ರಬಂಧ ಬರೆದರು.

ತಪ್ಪಿನ ಬೆಲೆ ಎಷ್ಟು ಎಂದು ನೋಡಿ. ಬಿ = 1000 ಇಟ್ಟುಕೊಳ್ಳಿ. ಯಾವ ವ್ಯತ್ಯಾಸವೂ ಇಲ್ಲದ ಒಂದು ಜೀನ್‌ನಲ್ಲಿ ಮೂಲ ಅಂಕವೇ ಎಲ್ಲಕ್ಕಿಂತ ದೊಡ್ಡದಾಗಿಬಿಡುವ ಸಂಭವ 1001ರಲ್ಲಿ ಒಂದು. 20,000 ಜೀನ್‌ಗಳಲ್ಲಿ ಸುಮಾರು 20 ಜೀನ್‌ಗಳಿಗೆ ಹೀಗಾಗುತ್ತದೆ. ತಪ್ಪು ಸೂತ್ರ ಆ ಇಪ್ಪತ್ತಕ್ಕೂ ‘0’ ಎಂದು ಬರೆಯುತ್ತದೆ. ಸೊನ್ನೆಯನ್ನು ಯಾವ ತಿದ್ದುಪಡಿಯಿಂದ ಗುಣಿಸಿದರೂ ಸೊನ್ನೆಯೇ. ಬಾನ್ಫೆರೋನಿ ಆಗಲಿ, ಪತ್ತೆಗಳಲ್ಲಿ ಸುಳ್ಳಿನ ಪಾಲನ್ನು ಹಿಡಿತದಲ್ಲಿಡುವ ಬೆಂಜಮಿನಿ–ಹಾಕ್‌ಬರ್ಗ್ ವಿಧಾನವಾಗಲಿ ಅದನ್ನು ತಡೆಯುವುದಿಲ್ಲ. ಇಪ್ಪತ್ತು ಸುಳ್ಳು ಪತ್ತೆಗಳು ಅತ್ಯಂತ ಗಟ್ಟಿ ಫಲಿತಾಂಶದ ವೇಷದಲ್ಲಿ ಪಟ್ಟಿಯ ತಲೆಯಲ್ಲಿ ಕೂರುತ್ತವೆ. ಲೆಕ್ಕ ಕಡಿಮೆ ಮಾಡಿದಷ್ಟೂ ಈ ಸಂಖ್ಯೆ ಏರುವುದರಿಂದ, ಹೊರೆ ಇಳಿಸಲು ಹೊರಟವರಿಗೇ ಇದು ಹೆಚ್ಚು ಅಪಾಯ.

ಇನ್ನೊಂದು ವಿಷಯ: ಅಷ್ಟು ಸಣ್ಣ ಪಿ-ಮೌಲ್ಯ ಬರಲು ಸಾಧ್ಯವಾಗುವುದು ಬೇರೆ, ಅದು ನಿಖರವಾಗಿರುವುದು ಬೇರೆ. ನಿಜವಾದ ಪಿ 0.0000025 ಆಗಿರುವ ಜೀನ್‌ನಲ್ಲಿ 4 ಲಕ್ಷ ಸಲಕ್ಕೆ ಸರಾಸರಿ ಒಂದೇ ಒಂದು ಮೀರಿಕೆ (ಮೂಲ ಅಂಕವನ್ನು ಮುಟ್ಟಿದ ಅಥವಾ ಮೀರಿದ ಸಲ) ಕಾಣುತ್ತದೆ. ಅದು ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಅಂದಾಜಿನ ದೋಷ ಶೇ. 10ಕ್ಕೆ ಇಳಿಯಬೇಕಾದರೆ ಸುಮಾರು 100 ಮೀರಿಕೆ ಕಾಣಬೇಕು, ಅಂದರೆ 4 ಕೋಟಿ ಅದಲುಬದಲು ಬೇಕು. ಆದ್ದರಿಂದ 800 ಕೋಟಿ ಎಂಬುದೂ ಕನಿಷ್ಠದ ಲೆಕ್ಕವೇ.

ಯಂತ್ರ ಶುರು ಮಾಡುವ ಮುನ್ನ

ಒಟ್ಟು ಎಷ್ಟು ಬೇರೆ ಬೇರೆ ಅದಲುಬದಲುಗಳು ಸಾಧ್ಯ ಎಂದು ಮೊದಲು ಎಣಿಸಿ. ಎರಡೂ ಕಡೆ 4 ಮಂದಿ ಇದ್ದರೆ 70 ಮಾತ್ರ. ಗುಂಪುಗಳು ಸಮವಾಗಿದ್ದು ಪರೀಕ್ಷೆ ಎರಡೂ ದಿಕ್ಕಿನದಾದರೆ (ಏರಿಕೆ, ಇಳಿಕೆ ಎರಡನ್ನೂ ಹುಡುಕುವುದಾದರೆ) ಪ್ರತಿ ವಿಂಗಡಣೆಗೂ ಅದರ ಕನ್ನಡಿ ಪ್ರತಿಬಿಂಬ ಅದೇ ಅಂಕ ಕೊಡುತ್ತದೆ. ಹಾಗಾಗಿ ಸಿಗಬಹುದಾದ ಅತಿ ಸಣ್ಣ ಪಿ ಎಂದರೆ 2 ÷ 70, ಸುಮಾರು 0.029. ತಲಾ 10 ಮಂದಿಯಾದರೆ 1,84,756 ವಿಂಗಡಣೆಗಳು, ಅತಿ ಸಣ್ಣ ಪಿ 0.0000108. ತಲಾ 11 ಆದರೆ 7,05,432 ವಿಂಗಡಣೆಗಳು, 0.0000028. ಇದೂ ನಮ್ಮ 0.0000025ರ ಗಡಿಯನ್ನು ಮುಟ್ಟುವುದಿಲ್ಲ! ತಲಾ 12 ಆದಾಗ ಮಾತ್ರ, 27,04,156 ವಿಂಗಡಣೆಗಳೊಂದಿಗೆ, ಅದು 0.00000074ಕ್ಕೆ ಇಳಿಯುತ್ತದೆ.

ತಲಾ 11 ಮಂದಿಯ ಅಧ್ಯಯನದಲ್ಲಿ ಪ್ರತಿ ಜೀನ್‌ಗೆ ಪ್ರತ್ಯೇಕ ಪಿ ತೆಗೆದು ಬಾನ್ಫೆರೋನಿ ಹಚ್ಚುವವರು ಎಷ್ಟು ದಿನ ಯಂತ್ರ ಓಡಿಸಿದರೂ ಒಂದು ಜೀನನ್ನೂ ಪತ್ತೆ ಹಚ್ಚಲಾರರು. ಲೆಕ್ಕದ ವೇಗದಿಂದ ಬಗೆಹರಿಯುವ ತೊಂದರೆ ಇದಲ್ಲ. ಹೆಚ್ಚು ಮಂದಿಯನ್ನು ಅಳೆಯಬೇಕು, ಇಲ್ಲವೇ ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಕೇಳಬೇಕು.

ಪ್ರಶ್ನೆ ಬದಲಿಸಿದರೆ 800 ಕೋಟಿ 20 ಕೋಟಿಯಾಗುತ್ತದೆ

ಹಾಗೆ ಪ್ರಶ್ನೆ ಬದಲಿಸುವ ವಿಧಾನವನ್ನು ವೆಸ್ಟ್‌ಫಾಲ್ ಮತ್ತು ಯಂಗ್ 1993ರಲ್ಲಿ ಕೊಟ್ಟರು. ಪ್ರತಿ ಅದಲುಬದಲಿನಲ್ಲೂ ಎಲ್ಲ 20,000 ಜೀನ್‌ಗಳ ಟಿ-ಅಂಕ (ಸರಾಸರಿಗಳ ವ್ಯತ್ಯಾಸವನ್ನು ಅಳತೆಗಳ ಏರಿಳಿತಕ್ಕೆ ಹೋಲಿಸುವ ಪರೀಕ್ಷಾಂಕ) ಲೆಕ್ಕ ಹಾಕಿ, ಚಿಹ್ನೆ ಬಿಟ್ಟು ಅತಿ ದೊಡ್ಡದೊಂದನ್ನು ಮಾತ್ರ ಬರೆದಿಟ್ಟುಕೊಳ್ಳಿ. 10,000 ಸಲ ಮಾಡಿದರೆ 10,000 ಗರಿಷ್ಠಗಳು ಸಿಗುತ್ತವೆ. ಒಂದು ಜೀನ್‌ನ ಮೂಲ ಅಂಕವನ್ನು ಈ ಗರಿಷ್ಠಗಳಲ್ಲಿ ಎಷ್ಟು ಮುಟ್ಟಿವೆ ಎಂಬ ಪಾಲೇ (ಇಲ್ಲೂ ಎರಡೂ ಕಡೆ 1 ಸೇರಿಸಿ) ಅದರ ತಿದ್ದಿದ ಪಿ-ಮೌಲ್ಯ. ಇದನ್ನು ಹೋಲಿಸಬೇಕಾದದ್ದು ನೇರವಾಗಿ 0.05ರೊಂದಿಗೆ; ಬೇರೆ ತಿದ್ದುಪಡಿ ಬೇಡ.

ಉಳಿತಾಯ ಎಲ್ಲಿಂದ ಬಂತು? ಈಗ ಅಳೆಯುತ್ತಿರುವುದು 0.0000025ರಂಥ ಬಾಲದ (ವಿತರಣೆಯ ಅಂಚಿನ) ತುದಿಯನ್ನಲ್ಲ, 0.05ರಂಥ ದೊಡ್ಡ ಸಂಖ್ಯೆಯನ್ನು. 1000 ಅದಲುಬದಲಿಗೆ ಅದರ ಮಾನಕ ದೋಷ (ಅಂದಾಜಿನ ಸಾಮಾನ್ಯ ಏರಿಳಿತ) 0.007, 10,000ಕ್ಕೆ 0.002. ಒಟ್ಟು 20 ಕೋಟಿ ಪರೀಕ್ಷಾಂಕ ಸಾಕು. ಜೊತೆಗೆ, ಪ್ರತಿ ಸಲವೂ ಎಲ್ಲ ಜೀನ್‌ಗಳಿಗೆ ಒಂದೇ ಅದಲುಬದಲನ್ನು ಬಳಸುವುದರಿಂದ ಜೀನ್‌ಗಳ ನಡುವಿನ ಸಹಸಂಬಂಧ ಹಾಗೆಯೇ ಉಳಿಯುತ್ತದೆ. ಒಟ್ಟೊಟ್ಟಿಗೆ ಏರಿಳಿಯುವ ಜೀನ್‌ಗಳು ಹೆಚ್ಚಿದ್ದಷ್ಟೂ ಗರಿಷ್ಠ ಅಷ್ಟು ದೊಡ್ಡದಾಗುವುದಿಲ್ಲ, ಗಡಿ ಕೆಳಗಿಳಿಯುತ್ತದೆ, ಬಾನ್ಫೆರೋನಿಗೆ ಸಿಗದ ಜೀನ್‌ಗಳೂ ಸಿಗುತ್ತವೆ. ಜೀನ್‌ಗೊಂದು ಬೇರೆ ಅದಲುಬದಲು ಬಳಸಿದರೆ ಈ ಲಾಭವೆಲ್ಲ ಕೈತಪ್ಪುತ್ತದೆ. ಪ್ರತಿ ಜೀನನ್ನು ಬೇರೆ ಬೇರೆ ಕೆಲಸವಾಗಿ ಹಂಚಿದ ಕೋಡ್‌ನಲ್ಲಿ ಇದು ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ.

ಹಂತ ಹಂತವಾಗಿ ಇಳಿಯುವ ರೂಪ ಇನ್ನೂ ಬಲವಾದದ್ದು, ಅದಕ್ಕೆ ಒಂದೂ ಹೆಚ್ಚುವರಿ ಪರೀಕ್ಷಾಂಕ ಬೇಡ. ಜೀನ್‌ಗಳನ್ನು ಮೂಲ ಅಂಕದ ಇಳಿಕೆ ಕ್ರಮದಲ್ಲಿ ಜೋಡಿಸಿ. ಪ್ರತಿ ಅದಲುಬದಲಿನಲ್ಲೂ ಪಟ್ಟಿಯ ಕೆಳಗಿನಿಂದ ಮೇಲಕ್ಕೆ ಹೋಗುತ್ತ ಅಲ್ಲಿಯವರೆಗಿನ ಗರಿಷ್ಠವನ್ನು ಹಿಡಿದಿಟ್ಟುಕೊಳ್ಳಿ. ಪ್ರತಿ ಜೀನನ್ನೂ ತನ್ನ ಸ್ಥಾನದ ಗರಿಷ್ಠದೊಂದಿಗೆ ಹೋಲಿಸಿ. ಕೊನೆಯಲ್ಲಿ ಮೇಲಿನಿಂದ ಕೆಳಕ್ಕೆ ಬರುತ್ತ, ಯಾವ ಜೀನ್‌ನ ತಿದ್ದಿದ ಪಿ-ಮೌಲ್ಯವೂ ತನ್ನ ಮೇಲಿನದಕ್ಕಿಂತ ಸಣ್ಣದಾಗದಂತೆ ಏರಿಸಬೇಕು. ಈ ಕೊನೆಯ ಹೆಜ್ಜೆ ಬಿಟ್ಟುಹೋದರೆ ಹಂತದ ತರ್ಕವೇ ಮುರಿಯುತ್ತದೆ.

ಗರಿಷ್ಠ ಅಂಕದ ಬದಲು ಕನಿಷ್ಠ ಪಿ-ಮೌಲ್ಯವನ್ನು ಹಿಡಿಯುವ ಸೋದರ ವಿಧಾನವೂ ಇದೆ. ಜೀನ್‌ಗಳ ವಿತರಣೆಗಳು ಒಂದರಂತೆ ಒಂದಿಲ್ಲದಾಗ ಅದು ಹೆಚ್ಚು ನ್ಯಾಯದ ವಿಧಾನ. ಆದರೆ ಪ್ರತಿ ಅದಲುಬದಲಿಗೂ ಪಿ-ಮೌಲ್ಯ ಬೇಕು, ಅದಕ್ಕೆ ಮತ್ತೆ ಅದಲುಬದಲು ಬೇಕು: ಕೆಲಸ ಬಿ ವರ್ಗದಷ್ಟು ಬೆಳೆಯುತ್ತದೆ. 2003ರಲ್ಲಿ ಗೆ, ಡುಡೊಯ್ಟ್ ಮತ್ತು ಸ್ಪೀಡ್ ಇದನ್ನು ಬಿಡಿಸಿದ ರೀತಿ ಬಲು ಸೊಗಸು. ಒಂದು ಜೀನ್‌ನ ಬಿ ಅಂಕಗಳನ್ನು ವಿಂಗಡಿಸಿ ಜೋಡಿಸಿದರೆ ಪ್ರತಿಯೊಂದರ ಶ್ರೇಣಿಯೇ ಅದರ ಪಿ-ಮೌಲ್ಯ. ಎರಡನೆಯ ಸುತ್ತಿನ ಅದಲುಬದಲು ಬೇಡವೇ ಬೇಡ. ಜೀನ್‌ಗಳನ್ನು ಒಂದೊಂದಾಗಿ ಮುಗಿಸುತ್ತ ಬಿ ಉದ್ದದ ಒಂದೇ ಸಾಲಿನಲ್ಲಿ ಕನಿಷ್ಠಗಳನ್ನು ನವೀಕರಿಸಿದರೆ ಮೆಮೊರಿಯೂ ಉಳಿಯುತ್ತದೆ.

ಆದರೂ ಬಿ ಸಣ್ಣದಿದ್ದರೆ ಕನಿಷ್ಠ ಪಿ ವಿಧಾನ ಕೆಲಸಕ್ಕೆ ಬಾರದು. ಬಿ = 10,000 ಇರಲಿ. 20,000 ಜೀನ್‌ಗಳಲ್ಲಿ ಪ್ರತಿಯೊಂದೂ ತನ್ನ ಅತಿ ದೊಡ್ಡ ಅಂಕವನ್ನು ಯಾವುದೋ ಒಂದು ಅದಲುಬದಲಿನಲ್ಲಿ ಮುಟ್ಟಲೇಬೇಕು. ಹಾಗಾಗಿ ಪ್ರತಿ ಅದಲುಬದಲಿನಲ್ಲೂ ಸರಾಸರಿ ಎರಡು ಜೀನ್‌ಗಳು ಸಾಧ್ಯವಿರುವ ಅತಿ ಸಣ್ಣ ಪಿ-ಯಲ್ಲಿ ಕುಳಿತಿರುತ್ತವೆ. ಜೀನ್‌ಗಳು ಪರಸ್ಪರ ಸ್ವತಂತ್ರವಾಗಿದ್ದರೆ ಸುಮಾರು ಶೇ. 86 ಅದಲುಬದಲುಗಳ ಕನಿಷ್ಠ ಅದೇ ಆಗುತ್ತದೆ. ಎಂಥ ಗಟ್ಟಿ ಜೀನ್ ಇದ್ದರೂ ತಿದ್ದಿದ ಪಿ-ಮೌಲ್ಯ 0.86ರ ಸುತ್ತ ನಿಲ್ಲುತ್ತದೆ. ಜೀನ್‌ಗಳ ಸಂಖ್ಯೆಗಿಂತ ಬಿ ಹಲವು ಪಟ್ಟು ದೊಡ್ಡದಿದ್ದಾಗ ಮಾತ್ರ ಇದನ್ನು ಕೈಗೆತ್ತಿಕೊಳ್ಳಿ.

ಒಂದೊಂದು ಅದಲುಬದಲನ್ನೂ ಅಗ್ಗ ಮಾಡುವುದು

ಲೂಪ್‌ನೊಳಗೆ ಟಿ-ಪರೀಕ್ಷೆಯ ಸಿದ್ಧ ಫಂಕ್ಷನ್ ಕರೆಯುವುದು ಅತಿ ದುಬಾರಿ ದಾರಿ. ಪ್ರತಿ ಕರೆಯಲ್ಲೂ ಅದು ಸರಾಸರಿ, ವಿಚಲನೆ, ವಿಶ್ವಾಸಾಂತರ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ. ಬದಲಾಗುವುದು ಏನು, ಬದಲಾಗದಿರುವುದು ಏನು ಎಂದು ಒಮ್ಮೆ ಕೇಳಿಕೊಂಡರೆ ಇದೆಲ್ಲ ಬೇಡ ಎಂದು ತಿಳಿಯುತ್ತದೆ. ಲೇಬಲ್ ಅದಲುಬದಲಾದರೂ ಒಂದು ಜೀನ್‌ನ 24 ಅಳತೆಗಳ ಮೊತ್ತವೂ ವರ್ಗಗಳ ಮೊತ್ತವೂ ಬದಲಾಗುವುದಿಲ್ಲ. ಬದಲಾಗುವುದು ಮೊದಲ ಗುಂಪಿನ ಮೊತ್ತ ಒಂದೇ. ಎರಡು ಗುಂಪುಗಳ ವಿಚಲನೆ ಒಂದೇ ಎಂದು ಹಿಡಿಯುವ ಟಿ-ಅಂಕ ಈ ಒಂದು ಮೊತ್ತದಿಂದಲೇ ನಿರ್ಧಾರವಾಗುತ್ತದೆ.

ಆದ್ದರಿಂದ ಹೀಗೆ ಮಾಡಿ. ಪ್ರತಿ ಜೀನ್‌ನ ಸಾಲಿನಿಂದ ಅದರ ಸರಾಸರಿಯನ್ನು ಕಳೆದು, ವರ್ಗಗಳ ಮೊತ್ತ 1 ಆಗುವಂತೆ ಅಳತೆಗಟ್ಟಿ. ಲೇಬಲ್‌ಗಳನ್ನೂ ಹಾಗೆಯೇ ಮಾಡಿ. ಈಗ 20,000 ಸಾಲು, 24 ಕಂಬಗಳ ದತ್ತಾಂಶದ ಮ್ಯಾಟ್ರಿಕ್ಸನ್ನು, 24 ಸಾಲು, ಬಿ ಕಂಬಗಳ ಲೇಬಲ್ ಮ್ಯಾಟ್ರಿಕ್ಸಿನಿಂದ ಗುಣಿಸಿದರೆ ಎಲ್ಲ ಜೀನ್‌ಗಳ ಎಲ್ಲ ಅದಲುಬದಲುಗಳ ಸಹಸಂಬಂಧ ಗುಣಾಂಕ ಒಂದೇ ಏಟಿಗೆ ಸಿಗುತ್ತದೆ. ಟಿ-ಅಂಕಕ್ಕೆ ಬದಲಾಯಿಸುವ ಅಗತ್ಯವೂ ಇಲ್ಲ: ಎಲ್ಲ ಜೀನ್‌ಗಳಲ್ಲೂ 24 ಅಳತೆಗಳಿದ್ದರೆ ಗುಣಾಂಕ ದೊಡ್ಡದಾದಂತೆ ಟಿ-ಅಂಕವೂ ದೊಡ್ಡದಾಗುತ್ತದೆ, ಕ್ರಮ ಒಂದೇ. ಬಿ = 10,000ಕ್ಕೆ ಇದು 480 ಕೋಟಿ ಗುಣಾಕಾರ–ಸಂಕಲನ; ಒಳ್ಳೆಯ ಮ್ಯಾಟ್ರಿಕ್ಸ್ ಲೈಬ್ರರಿ ಇರುವ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಸೆಕೆಂಡುಗಳ ಕೆಲಸ.

ಮೆಮೊರಿಯ ಬಗ್ಗೆ ಮಾತ್ರ ಎಚ್ಚರ. ಪೂರ್ತಿ ಫಲಿತಾಂಶ ಇಟ್ಟುಕೊಂಡರೆ 20,000 × 10,000 × 8 ಬೈಟ್, ಅಂದರೆ 1.6 ಜಿಬಿ. 500 ಅದಲುಬದಲುಗಳ ಕಂತುಗಳಲ್ಲಿ ಮಾಡಿದರೆ ಕಂತಿಗೆ 80 ಎಂಬಿ ಸಾಕು. ಗರಿಷ್ಠವನ್ನೋ ಮೀರಿಕೆಗಳ ಎಣಿಕೆಯನ್ನೋ ತೆಗೆದುಕೊಂಡು ಉಳಿದದ್ದನ್ನು ಎಸೆಯಿರಿ.

ಈ ಉಪಾಯ ಮುರಿಯುವ ಸಂದರ್ಭಗಳೂ ಇವೆ. ಕೆಲವು ಜೀನ್‌ಗಳಲ್ಲಿ ಅಳತೆಗಳು ಬಿಟ್ಟುಹೋಗಿದ್ದರೆ ಗುಣಾಂಕದಿಂದ ಟಿ-ಗೆ ಹೋಗುವ ದಾರಿ ಜೀನ್‌ನಿಂದ ಜೀನ್‌ಗೆ ಬೇರೆಯಾಗುತ್ತದೆ; ಗರಿಷ್ಠ ತೆಗೆಯುವ ಮೊದಲು ಟಿ-ಗೆ ಬದಲಾಯಿಸಲೇಬೇಕು. ಗುಂಪುಗಳ ವಿಚಲನೆ ಬೇರೆ ಎಂದು ಒಪ್ಪುವ ವೆಲ್ಚ್ ಅಂಕಕ್ಕೆ ಗುಂಪಿನ ವರ್ಗಗಳ ಮೊತ್ತವೂ ಬೇಕು, ಅಂದರೆ ವರ್ಗ ಮಾಡಿದ ದತ್ತಾಂಶದ ಮೇಲೆ ಇನ್ನೊಂದು ಗುಣಾಕಾರ. ವಯಸ್ಸು, ಲಿಂಗದಂಥ ಹಿನ್ನೆಲೆ ಚರಗಳಿದ್ದರೆ ಲೇಬಲ್ ಅದಲುಬದಲು ಮಾಡುವುದೇ ತಪ್ಪಾಗಬಹುದು. ಆಗ ಫ್ರೀಡ್‌ಮನ್ ಮತ್ತು ಲೇನ್ 1983ರಲ್ಲಿ ಕೊಟ್ಟಂತೆ, ಹಿನ್ನೆಲೆ ಚರಗಳನ್ನು ತೆಗೆದ ಮೇಲೆ ಉಳಿಯುವ ಶೇಷಗಳನ್ನು ಅದಲುಬದಲು ಮಾಡಬೇಕು. ಅದನ್ನೂ ಮ್ಯಾಟ್ರಿಕ್ಸ್ ಗುಣಾಕಾರಗಳಾಗಿ ಬರೆಯಬಹುದು: ಅಂಶಕ್ಕೆ ಒಂದು, ಛೇದಕ್ಕಾಗಿ ಹಿನ್ನೆಲೆಯ ಪ್ರತಿ ಕಂಬಕ್ಕೆ ಒಂದೊಂದು.

ಬೇಗ ನಿಲ್ಲಿಸುವುದು, ಆದರೆ ನಿಯಮದಿಂದ

ಪ್ರತಿ ಜೀನ್‌ಗೂ ಅದರದೇ ಪಿ-ಮೌಲ್ಯ ಬೇಕೇ ಬೇಕು ಎನ್ನುವ ಸಂದರ್ಭಗಳು ಬೇಕಾದಷ್ಟು. ಸುಳ್ಳು ಪತ್ತೆಗಳ ದರವನ್ನು ಬೆಂಜಮಿನಿ ಮತ್ತು ಹಾಕ್‌ಬರ್ಗ್‌ರ 1995ರ ವಿಧಾನದಿಂದ ಹಿಡಿತದಲ್ಲಿಡುವವರಿಗೆ ಅದು ಬೇಕು. ಅಲ್ಲಿ ದೊಡ್ಡ ಉಳಿತಾಯ ಕೊಡುವುದು ಬೆಸಾಗ್ ಮತ್ತು ಕ್ಲಿಫರ್ಡ್ 1991ರಲ್ಲಿ ಕೊಟ್ಟ ಸರಳ ನಿಯಮ: ಮೀರಿಕೆಗಳು ‘ಎಚ್’ ಆಗುವವರೆಗೆ ಅದಲುಬದಲು ಮಾಡು, ಆದ ಕೂಡಲೇ ನಿಲ್ಲಿಸು. ಎಚ್-ನೆಯ ಮೀರಿಕೆ ‘ಎಲ್’-ನೆಯ ಸಲದಲ್ಲಿ ಬಂದಿದ್ದರೆ ಪಿ = ಎಚ್ ÷ ಎಲ್. ಗರಿಷ್ಠ ಬಿ ಸಲ ಆದರೂ ಎಚ್ ಮುಟ್ಟದಿದ್ದರೆ ಹಳೆಯ (ಜಿ + 1) ÷ (ಬಿ + 1). ಎಚ್‌ಗೆ 10 ಇಡುವುದು ರೂಢಿ. 20 ಇಟ್ಟರೆ ದೊಡ್ಡ ಪಿ-ಗಳ ಅಂದಾಜು ಇನ್ನಷ್ಟು ನಯವಾಗುತ್ತದೆ.

ಪಿ 0.5 ಇರುವ ಜೀನ್ ಸುಮಾರು 20 ಸಲದಲ್ಲಿ ನಿಲ್ಲುತ್ತದೆ, 0.01 ಇರುವುದು ಸುಮಾರು 1000ದಲ್ಲಿ. ವ್ಯತ್ಯಾಸವಿಲ್ಲದ ಜೀನ್‌ಗಳ ಪಿ 0ಯಿಂದ 1ರವರೆಗೆ ಸಮನಾಗಿ ಹರಡಿರುವುದರಿಂದ ಸರಾಸರಿ ಖರ್ಚು ಸುಮಾರು ಎಚ್ × (1 + ಬಿ÷ಎಚ್‌ನ ಸ್ವಾಭಾವಿಕ ಲಾಗರಿದಮ್). ಎಚ್ = 10, ಬಿ = 4 ಲಕ್ಷ ಹಾಕಿ: 116. ನಾಲ್ಕು ಲಕ್ಷದ ಜಾಗದಲ್ಲಿ ನೂರಾ ಹದಿನಾರು! ನಮ್ಮ 20,000ದಲ್ಲಿ 100 ಜೀನ್‌ಗಳು ನಿಜವಾಗಿ ಬೇರೆಯಾಗಿದ್ದು, ಕೊನೆಯವರೆಗೂ ಓಡಿದವು ಅಂದುಕೊಂಡರೆ ಅವಕ್ಕೆ 4 ಕೋಟಿ, ಉಳಿದ 19,900ಕ್ಕೆ ಎಲ್ಲ ಸೇರಿ 23 ಲಕ್ಷ. ಒಟ್ಟು ಸುಮಾರು 4.2 ಕೋಟಿ, 800 ಕೋಟಿಯ 190ನೇ ಒಂದು ಪಾಲು. ಬಿ-ಯನ್ನು ಹತ್ತು ಪಟ್ಟು ಮಾಡಿ 40 ಲಕ್ಷಕ್ಕೆ ಏರಿಸಿದರೂ ವ್ಯತ್ಯಾಸವಿಲ್ಲದ ಜೀನ್‌ನ ಸರಾಸರಿ 116ರಿಂದ 139ಕ್ಕೆ ಏರುತ್ತದೆ, ಅಷ್ಟೇ. ಆಮೇಲಿನ ಖರ್ಚೆಲ್ಲ ಆಸಕ್ತಿ ಹುಟ್ಟಿಸುವ ಜೀನ್‌ಗಳದ್ದು, ಖರ್ಚಾಗಬೇಕಾದದ್ದೂ ಅಲ್ಲೇ.

ನಮ್ಮ ಉದಾಹರಣೆಯಲ್ಲಿ ಇದಕ್ಕಿಂತ ಒಳ್ಳೆಯದನ್ನೂ ಮಾಡಬಹುದು. ಇರುವುದೇ 27,04,156 ವಿಂಗಡಣೆಗಳು, ಕನ್ನಡಿ ಪ್ರತಿಬಿಂಬ ಬಿಟ್ಟರೆ 13,52,078. ಮೊದಲ ಹಂತದಲ್ಲಿ ಎಚ್ = 10, ಬಿ = 10,000 ಇಟ್ಟು ಎಲ್ಲ ಜೀನ್‌ಗಳನ್ನು ಸೋಸಿ. ವ್ಯತ್ಯಾಸವಿಲ್ಲದವುಗಳಲ್ಲಿ ಸಾವಿರಕ್ಕೊಂದು, ಅಂದರೆ ಸುಮಾರು 20 ಮಾತ್ರ ನಿಲ್ಲದೆ ಉಳಿಯುತ್ತವೆ. ಉಳಿದ ನೂರಿಪ್ಪತ್ತರಷ್ಟು ಜೀನ್‌ಗಳಿಗೆ ಎಲ್ಲ ವಿಂಗಡಣೆಗಳನ್ನೂ ಎಣಿಸಿ ನಿಖರವಾದ ಪಿ ತೆಗೆಯಿರಿ. ಸುಮಾರು 16 ಕೋಟಿ ಅಂಕಗಳು, ಅಂದಾಜಿನ ದೋಷ ಸೊನ್ನೆ. ಮೊದಲ ಹಂತದಲ್ಲಿ ನಿಂತವಕ್ಕೆ ಎಚ್ ÷ ಎಲ್, ದಾಟಿದವಕ್ಕೆ ನಿಖರ ಪಿ ಎಂದು ಜೋಡಿಸಿದರೂ ಸುಳ್ಳು ಪತ್ತೆಯ ಭರವಸೆ ಕೆಡುವುದಿಲ್ಲ. ನಿಜವಾದ ಪಿ 0.0000025 ಇರುವ ಜೀನ್ ಮೊದಲ ಹಂತದಲ್ಲೇ ಬಿದ್ದುಹೋಗಬೇಕಾದರೆ, ಸರಾಸರಿ 0.025 ಮೀರಿಕೆ ಬರಬೇಕಾದಲ್ಲಿ 10 ಬರಬೇಕು; ಅದನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ.

ಮ್ಯಾಟ್ರಿಕ್ಸ್ ಕಂತುಗಳ ಜೊತೆ ಇದನ್ನು ಕೂಡಿಸುವಾಗ ಮೊದಲ ಕಂತು ಸಣ್ಣದಿರಲಿ: 100 ಸಲ. ಅಲ್ಲಿಗೇ ಪಿ 0.1ಕ್ಕಿಂತ ಹೆಚ್ಚಿರುವ ಬಹುತೇಕ ಜೀನ್‌ಗಳು ನಿಲ್ಲುತ್ತವೆ; ಮುಂದಿನ ಕಂತಿಗೆ ಮ್ಯಾಟ್ರಿಕ್ಸ್ ಹತ್ತನೇ ಒಂದಕ್ಕೆ ಕುಗ್ಗುತ್ತದೆ, ಕಂತನ್ನು ದೊಡ್ಡದು ಮಾಡಿ. ಆದರೆ ಹತ್ತನೆಯ ಮೀರಿಕೆ ಕಂತಿನೊಳಗೆ ಎಷ್ಟನೆಯ ಸಲದಲ್ಲಿ ಬಂತು ಎಂಬ ನಿಖರ ಸ್ಥಾನವನ್ನೇ ‘ಎಲ್’ ಎಂದು ಬರೆಯಬೇಕು. ಕಂತಿನ ಕೊನೆಯನ್ನು ‘ಎಲ್’ ಎಂದು ಹಿಡಿದು 10ನ್ನು ಅದರಿಂದ ಭಾಗಿಸಿದರೆ ಪಿ-ಮೌಲ್ಯ ಇರಬೇಕಾದ್ದಕ್ಕಿಂತ ಸಣ್ಣದಾಗುತ್ತದೆ.

ನಿಯಮವಿಲ್ಲದೆ ನಿಲ್ಲಿಸುವುದು ಇದಕ್ಕಿಂತ ದೊಡ್ಡ ಅಪಾಯ. ಆಗಾಗ ಇಣುಕಿ ನೋಡಿ, ಪಿ-ಅಂದಾಜು ಗಡಿಗಿಂತ ಕೆಳಗಿಳಿದ ಗಳಿಗೆಯಲ್ಲಿ ನಿಲ್ಲಿಸಿ (ಜಿ + 1) ÷ (ಬಿ + 1) ಬರೆದರೆ, ಏರಿಳಿತದಲ್ಲಿ ಒಮ್ಮೆ ಕೆಳಗೆ ಬಂದ ಸುಳ್ಳು ಜೀನ್‌ಗಳನ್ನೆಲ್ಲ ಆರಿಸಿಕೊಂಡಂತೆ. ಬೆಸಾಗ್–ಕ್ಲಿಫರ್ಡ್ ನಿಯಮ ಜೀನನ್ನು ಕೈಬಿಡುವ ದಿಕ್ಕಿನಲ್ಲಿ ಮಾತ್ರ ಬೇಗ ನಿಲ್ಲಿಸುತ್ತದೆ. ಅದರ ಸುರಕ್ಷೆಯ ಗುಟ್ಟು ಅದೇ.

ಈ ನಿಯಮವನ್ನು ಗರಿಷ್ಠ ಅಂಕದ ವಿಧಾನಕ್ಕೆ ಅಂಟಿಸಬೇಡಿ. ಅಲ್ಲಿ ಒಂದು ಜೀನನ್ನು ನಡುವೆ ಕೈಬಿಟ್ಟರೆ ಗರಿಷ್ಠ ತೆಗೆಯುವ ಗುಂಪೇ ಚಿಕ್ಕದಾಗುತ್ತದೆ, ಗಡಿ ಕೃತಕವಾಗಿ ಕೆಳಗಿಳಿಯುತ್ತದೆ, ಸುಳ್ಳು ಪತ್ತೆಗಳು ನುಗ್ಗುತ್ತವೆ.

ಗಡಿಯೇ ಚಲಿಸುತ್ತಿರುವಾಗ

ಬೆಂಜಮಿನಿ–ಹಾಕ್‌ಬರ್ಗ್ ವಿಧಾನದಲ್ಲಿ ಗಡಿ ಮೊದಲೇ ಗೊತ್ತಿರುವುದಿಲ್ಲ. 500 ಜೀನ್‌ಗಳು ಪತ್ತೆಯಾದರೆ ಗಡಿ 500 × 0.05 ÷ 20,000, ಅಂದರೆ 0.00125, ಐದೇ ಪತ್ತೆಯಾದರೆ 0.0000125. ಪತ್ತೆಗಳು ಹೆಚ್ಚಿದ್ದಷ್ಟೂ ಕಡಿಮೆ ಅದಲುಬದಲು ಸಾಕು. ಮೊದಲನೆಯ ಸಂದರ್ಭದಲ್ಲಿ ಗಡಿಯ ಬಳಿ ಹತ್ತು ಮೀರಿಕೆ ಕಾಣಲು 8000 ಸಾಕು, ಎರಡನೆಯದಕ್ಕೆ 8 ಲಕ್ಷ ಬೇಕು.

ಗ್ಯಾಂಡಿ ಮತ್ತು ಹಾನ್ 2014ರಲ್ಲಿ ಇದಕ್ಕೊಂದು ಒಳ್ಳೆಯ ದಾರಿ ತೋರಿಸಿದರು. ಪ್ರತಿ ಜೀನ್‌ನ ನಿಜವಾದ ಪಿ-ಗೆ ಈವರೆಗಿನ ಎಣಿಕೆಯಿಂದ ಒಂದು ವಿಶ್ವಾಸಾಂತರ (ಆ ಪಿ ಇರಬಹುದಾದ ಕೆಳಗಿನ ಮತ್ತು ಮೇಲಿನ ತುದಿ) ಕಟ್ಟಿ. ಎಲ್ಲ ಮೇಲಿನ ತುದಿಗಳ ಮೇಲೆ ಒಮ್ಮೆ, ಎಲ್ಲ ಕೆಳಗಿನ ತುದಿಗಳ ಮೇಲೆ ಇನ್ನೊಮ್ಮೆ ಬೆಂಜಮಿನಿ–ಹಾಕ್‌ಬರ್ಗ್ ನಡೆಸಿ. ಪಿ-ಗಳು ಸಣ್ಣದಾದಷ್ಟೂ ಈ ವಿಧಾನದ ಪತ್ತೆಗಳ ಪಟ್ಟಿ ಬೆಳೆಯುತ್ತದೆಯೇ ಹೊರತು ಕುಗ್ಗುವುದಿಲ್ಲ. ಹಾಗಾಗಿ ಮೇಲಿನ ತುದಿಗಳಲ್ಲೂ ಪತ್ತೆಯಾದದ್ದು ಖಚಿತ ಪತ್ತೆ, ಕೆಳಗಿನ ತುದಿಗಳಲ್ಲೂ ಪತ್ತೆಯಾಗದ್ದು ಖಚಿತವಾಗಿ ಅಲ್ಲ. ನಡುವೆ ಉಳಿದವಕ್ಕೆ ಮಾತ್ರ ಮುಂದಿನ ಕಂತಿನ ಅದಲುಬದಲುಗಳನ್ನು ಕೊಡಿ. ವಿಶ್ವಾಸಾಂತರಗಳ ಒಟ್ಟು ತಪ್ಪಿನ ಪಾಲನ್ನು, ಉದಾಹರಣೆಗೆ 0.01ನ್ನು, ಎಲ್ಲ ಜೀನ್‌ಗಳಿಗೂ ಇಣುಕಿ ನೋಡುವ ಎಲ್ಲ ಸಲಗಳಿಗೂ ಹಂಚಬೇಕು; ಪ್ರತಿ ಸಲ ಶೇ. 95ರ ಸಾಮಾನ್ಯ ವಿಶ್ವಾಸಾಂತರ ಬಳಸಿದರೆ 20,000 ಜೀನ್‌ಗಳಲ್ಲಿ ನೂರಾರು ಜೀನ್‌ಗಳ ನಿಜವಾದ ಪಿ ಮೊದಲ ಸುತ್ತಿನಲ್ಲೇ ತನ್ನ ವಿಶ್ವಾಸಾಂತರದ ಹೊರಗೆ ಉಳಿಯುತ್ತದೆ. ಹೀಗೆ ಹಂಚಿದರೂ ಅಂತರಗಳು ನಿಧಾನವಾಗಿಯೇ ಅಗಲವಾಗುತ್ತವೆ, ಹೊರೆ ವಿಪರೀತ ಏರುವುದಿಲ್ಲ.

ಪಿ-ಮೌಲ್ಯ ಗಡಿಯ ಮೇಲೆಯೇ ಕೂತಿರುವ ಜೀನ್‌ಗಳು ಎಷ್ಟು ಓಡಿಸಿದರೂ ಬಗೆಹರಿಯುವುದಿಲ್ಲ. ಒಂದು ಮಿತಿ ಮುಟ್ಟಿದ ಮೇಲೆ ‘ನಿರ್ಧಾರವಾಗಿಲ್ಲ’ ಎಂಬ ಮೂರನೆಯ ಪಟ್ಟಿ ಮಾಡಿ ಪ್ರಕಟಿಸುವುದೇ ಪ್ರಾಮಾಣಿಕ ಕೆಲಸ.

ಅಂದಾಜಿನ ಅಡ್ಡದಾರಿಗಳು

ಎಲ್ಲ ಜೀನ್‌ಗಳ ಅದಲುಬದಲು ಅಂಕಗಳನ್ನು ಒಂದೇ ರಾಶಿಗೆ ಸುರಿದರೆ 100 ಅದಲುಬದಲಿಗೇ 20 ಲಕ್ಷ ಅಂಕಗಳು, ಪಿ-ಯ ಕನಿಷ್ಠ ಮಟ್ಟ 0.0000005. ಆಕರ್ಷಕವಾಗಿದೆ, ಆದರೆ ಎಲ್ಲ ಜೀನ್‌ಗಳ ಶೂನ್ಯ ವಿತರಣೆ (ವ್ಯತ್ಯಾಸವಿಲ್ಲದಾಗ ಅಂಕಗಳು ಹರಡುವ ರೀತಿ) ಒಂದೇ ಎಂದು ಇದು ನಂಬುತ್ತದೆ. ವಿಚಲನೆಯಿಂದ ಭಾಗಿಸದ ಬರೀ ಸರಾಸರಿ ವ್ಯತ್ಯಾಸ ಬಳಸಿದರೆ ನಿಜವಾಗಿ ಬೇರೆಯಾಗಿರುವ ಜೀನ್‌ಗಳು ರಾಶಿಯನ್ನು ಅಗಲ ಮಾಡಿ ತಮ್ಮನ್ನೇ ಮುಚ್ಚಿಕೊಳ್ಳುತ್ತವೆ. ಒಟ್ಟೊಟ್ಟಿಗೆ ಏರಿಳಿಯುವ ಜೀನ್‌ಗಳ 20 ಲಕ್ಷ ಅಂಕಗಳು 20 ಲಕ್ಷ ಸ್ವತಂತ್ರ ಅಂಕಗಳೂ ಅಲ್ಲ.

ಇನ್ನೊಂದು, ಬಾಲಕ್ಕೆ ವಕ್ರರೇಖೆ ಹೊಂದಿಸುವುದು. ಕೆಲವು ಸಾವಿರ ಅದಲುಬದಲು ಮಾಡಿ, ಅತಿ ದೊಡ್ಡ 250 ಅಂಕಗಳಿಗೆ ಸಾಮಾನ್ಯೀಕೃತ ಪ್ಯಾರೆಟೊ ವಿತರಣೆ (ಬಾಲದ ಆಕಾರವನ್ನು ಬಣ್ಣಿಸುವ ಸೂತ್ರ) ಹೊಂದಿಸಿ, ಅದರಿಂದ ಸಣ್ಣ ಪಿ ಓದುವುದು. ಕ್ನೈನೆನ್‌ಬರ್ಗ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ವಿವರಿಸಿದರು. ಹೊಂದಾಣಿಕೆ ಸರಿಯಿಲ್ಲದಿದ್ದರೆ ಬಾಲವನ್ನು ಚಿಕ್ಕದು ಮಾಡುತ್ತ ಹೋಗಬೇಕು, ಮೀರಿಕೆಗಳು 10 ಅಥವಾ ಹೆಚ್ಚಿದ್ದರೆ ನೇರ ಎಣಿಕೆಯನ್ನೇ ನಂಬಬೇಕು. ಆಕಾರದ ನಿಯತಾಂಕ ಋಣವಾಗಿ ಬಂದರೆ ರೇಖೆ ಒಂದೆಡೆ ಮುಗಿದುಹೋಗುತ್ತದೆ, ಅದರಾಚೆಯ ಅಂಕಕ್ಕೆ ಪಿ = 0 ಬರುತ್ತದೆ: ಹಳೆಯ ಸೊನ್ನೆ ಹಿಂಬಾಗಿಲಿನಿಂದ ಒಳಬಂದಂತೆ. ಜೀನ್‌ಗಳನ್ನು ಮೊದಲಿನಿಂದ ಕೊನೆಗೆ ಜೋಡಿಸಲು ಈ ಸಂಖ್ಯೆಗಳು ಸಾಕು. ಪತ್ತೆ ಎಂದು ಘೋಷಿಸುವ ಮೊದಲು ನೇರ ಎಣಿಕೆಯ ಆಧಾರ ಇರಲಿ.

ಕೋಡ್‌ನಲ್ಲಿ ಅಡಗುವ ತಪ್ಪುಗಳು

ಎಂಟು ಕೋರ್‌ಗಳಿಗೆ ತಲಾ 1250 ಅದಲುಬದಲು ಹಂಚಿ, ಎಲ್ಲಕ್ಕೂ ಒಂದೇ ಬೀಜಸಂಖ್ಯೆ (ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ಶುರು ಮಾಡುವ ಸಂಖ್ಯೆ) ಕೊಟ್ಟರೆ ಅದೇ 1250 ಎಂಟು ಸಲ ಬರುತ್ತದೆ. ವರದಿಯಲ್ಲಿ 10,000 ಎಂದಿರುತ್ತದೆ, ಮಾಹಿತಿ ಮಾತ್ರ 1250ರದ್ದು. ಪ್ರತಿ ಕೋರ್‌ಗೂ ಸ್ವತಂತ್ರ ಹರಿವು ಕೊಡುವ ಸೌಲಭ್ಯ ಆರ್ ಭಾಷೆಯಲ್ಲೂ ಪೈಥಾನ್‌ನ ನಂಪೈ ಲೈಬ್ರರಿಯಲ್ಲೂ ಇದೆ, ಅದನ್ನೇ ಬಳಸಿ.

ಸಮ ಅಂಕಗಳ ಹೋಲಿಕೆ ಇನ್ನೂ ನವಿರಾದ ಬಲೆ. ಅದಲುಬದಲಿನಲ್ಲಿ ಮೂಲ ವಿಂಗಡಣೆಯೇ ಮತ್ತೆ ಬಂದಾಗ ಅಂಕ ಸಮವಾಗಬೇಕು, ಮೀರಿಕೆಯಾಗಿ ಎಣಿಕೆಯಾಗಬೇಕು. ಆದರೆ ಸಂಖ್ಯೆಗಳನ್ನು ಬೇರೆ ಕ್ರಮದಲ್ಲಿ ಕೂಡಿದಾಗ ಕೊನೆಯ ದಶಮಾಂಶದಲ್ಲಿ ವ್ಯತ್ಯಾಸ ಬಂದು ಹೋಲಿಕೆ ತಪ್ಪುತ್ತದೆ, ಪಿ-ಮೌಲ್ಯ ಇರಬೇಕಾದ್ದಕ್ಕಿಂತ ಸಣ್ಣದಾಗುತ್ತದೆ. ಮೂಲ ಅಂಕದಿಂದ ಅದರ ನೂರು ಕೋಟಿಯ ಒಂದು ಪಾಲಿನಷ್ಟು ಕಳೆದು ಹೋಲಿಸಿದರೆ ಸಾಕು. ಜಿಪಿಯುನಲ್ಲಿ ಏಕ ನಿಖರತೆ ಬಳಸಿದರೆ ಏಳು ಅಂಕೆಗಳಷ್ಟೇ ಸಿಗುವುದರಿಂದ ಈ ರಿಯಾಯಿತಿಯನ್ನು ಅದಕ್ಕೆ ತಕ್ಕಂತೆ ದೊಡ್ಡದು ಮಾಡಬೇಕು.

ಇಷ್ಟೆಲ್ಲ ಜೋಡಿಸಿದ ಮೇಲೆ ಇಡೀ ವ್ಯವಸ್ಥೆಯನ್ನು ಪರೀಕ್ಷಿಸುವುದು ಸುಲಭ. ಲೇಬಲ್‌ಗಳನ್ನು ಒಮ್ಮೆ ಯಾದೃಚ್ಛಿಕವಾಗಿ ಅದಲುಬದಲು ಮಾಡಿ, ಅದನ್ನೇ ನಿಜವಾದ ದತ್ತಾಂಶ ಎಂಬಂತೆ ಸೋಸುವಿಕೆ, ಕಂತು, ತಿದ್ದುಪಡಿ ಎಲ್ಲದರ ಮೂಲಕ ಹಾಯಿಸಿ. ಹೀಗೆ 200 ಸಲ ಮಾಡಿ, ಒಂದಾದರೂ ಪತ್ತೆ ಬಂದ ಸಲಗಳನ್ನು ಎಣಿಸಿ. 0.05ರ ಮಟ್ಟದಲ್ಲಿ ಸರಾಸರಿ 10 ಸಲ ಮೀರಬಾರದು. 200 ಸಲಕ್ಕೆ ಮಾನಕ ದೋಷ ಶೇ. 1.5 ಇರುವುದರಿಂದ 16ರವರೆಗೆ ಬಂದರೂ ಗಾಬರಿ ಬೇಡ. 25 ಬಂದರೆ ಎಲ್ಲೋ ಒಂದು ‘+ 1’ ಬಿಟ್ಟಿದೆಯೋ, ‘ಎಲ್’ ತಪ್ಪಿದೆಯೋ, ಬೀಜಸಂಖ್ಯೆ ಮರುಕಳಿಸಿದೆಯೋ ಎಂದು ಹುಡುಕಲು ಶುರು ಮಾಡಿ.